ನವಿಲುತೀರ್ಥದ ಶಿಲೆಯೂ ಎಲೆಯ ಅಚ್ಚೂ

ಕಿತ್ತೂರಿನ ಹೆಸರೆತ್ತಿದೊಡನೆ ೧೮೨೪ರ ಸಂಗ್ರಾಮವೂ, ಬೈಲಹೊಂಗಲವೆಂದೊಡನೆ ರಾಣಿ ಚೆನ್ನಮ್ಮನ ಸಮಾಧಿಯೂ, ಸವದತ್ತಿಯೆಂದೊಡನೆ ರಟ್ಟರ ಶಾಸನಗಳೂ ಎಲ್ಲಮ್ಮನ ಗುಡ್ಡವೂ ವಿದ್ವಾಂಸರ ಸ್ಮರಣೆಗೆ ಬರುವುದು ಸಹಜವಾಗಿದೆ. ೧೯೪೮ರವರೆಗೆ ಪುಟ್ಟ ಸಂಸ್ಥಾನವೊಂದರ ಮುಖ್ಯಸ್ಥಳವಾಗಿದ್ದ ರಾಮದುರ್ಗವನ್ನೂ ಇತಿಹಾಸಜ್ಞರು ಬಲ್ಲರು. ಭೂಶಾಸ್ತ್ರಜ್ಞರ ಗ್ರಂಥಗಳಲ್ಲಾದರೋ ಕಡೆಯ ಎರಡು ಹೆಸರುಗಳು ಊರನ್ನು ಬಿಟ್ಟು ಕಲ್ಲಿಗೇ ಅಂಟಿಕೊಂಡಿವೆ. ಕಲಾದಗಿ ಶ್ರೇಣಿಯ ತಳಭಾಗಕ್ಕೆ ‘ರಾಮದುರ್ಗ ಸ್ತರವರ್ಗ’ವೆಂದೂ ಅದರೊಳಗಣ ಗಟ್ಟಿ ಮರಳುಶಿಲೆಗೆ ‘ಸವದತ್ತಿ ಕ್ವಾರ್ಟ್ಸೈಟ್’ ಎಂದೂ ಹೆಸರು.

ಮರಳು, ಕೆಸರು, ಸುಣ್ಣ ಇವು ನೀರಿನ ತಳದಲ್ಲಿ ಕುಳಿತು ಗಟ್ಟಿಯಾದ ಪದರುಶಿಲೆಗಳು ಇವು. ಪದರುಶಿಲೆಯೆಂದೊಡನೆ ಅದರಲ್ಲಿ ಎಲೆಯೋ ಎಲುಬೋ ಇದ್ದೇ ಇರಬೇಕೆಂದೂ, ಇದ್ದರೆ ಅದು ಡೈನೋಸಾರ್ ಎಂಬ ಮಹೋರಗಗಳ ಕಾಲದ್ದೇ ಎಂದೂ ಊಹಿಸುವುದು ಸುಲಭ. ಸಾಹಿತ್ಯವನ್ನು ಕಲಿಸುವವರು ಸ್ಥಳವರ್ಣನೆಗೆ ಬಣ್ಣ ಕೊಡಬಯಸುವಾಗ ಈ ಊಹೆಯೇ ನಿಶ್ಚಯವಾಗಿ ಬಿಡುವ ಭಯವಿದೆ. ರತ್ನಗರ್ಭೆ ವಸುಂಧರೆಯೆಂಬ ರೂಢಿಯನ್ನನುಸರಿಸಿ ‘ಸಸ್ಯಗರ್ಭ ಶಿಲೆ’ ಎಂದರೆ ಕಿವಿಗೆ ಇಂಪಾಗಿಯೇ ಕೇಳುತ್ತದೆ. ಆದರೆ ಶಿಲೆಯು ಸಸ್ಯವನ್ನು ಹೆತ್ತದ್ದಲ್ಲ, ಸತ್ತ ಸಸ್ಯವನ್ನು ಹೂತದ್ದು. ಸಮಾಸದ ಸೊಗಸಿನಲ್ಲಿ ಕಾರ್ಯಕಾರಣಗಳು ತಲೆಕೆಳಗಾಗುತ್ತವೆ. ‘ಪಳೆಯುಳಿಕೆ’ ಎಂಬುದು ಸರಳವಾದ, ಬಾಳಿಕೆಯ ಮಾತು. ಅದಕ್ಕೂ ಒಂದು ಕೊರತೆಯುಂಟು. ಎಲೆಯು ಕೆಸರಿನ ಮೇಲೆ ಒತ್ತಿದ ಗುರುತನ್ನೂ, ಕಣಕಣವಾಗಿ ಕಲ್ಲಾದ ಕಾಂಡವನ್ನೂ ಅದು ಒಂದೇ ಹೆಸರಿನಿಂದ ಕರೆಯುತ್ತದೆ. ಮೊದಲಿನದು ಅಚ್ಚು, ಎರಡನೆಯದು ಒಡಲು. ಈ ಭೇದವನ್ನು ಹೇಳಲು ಕನ್ನಡಕ್ಕೆ ಹೊರಗಿನ ಸಾಲ ಬೇಕಾಗಿಲ್ಲ.

ಕಲಾದಗಿ ಶ್ರೇಣಿಗೆ ಆ ಹೆಸರನ್ನಿತ್ತವನು ರಾಬರ್ಟ್ ಬ್ರೂಸ್ ಫೂಟನು. ದಕ್ಷಿಣ ಮಹಾರಾಷ್ಟ್ರವೆಂದು ಆಂಗ್ಲ ಆಳಿಕೆಯಲ್ಲಿ ಕರೆಯಲ್ಪಡುತ್ತಿದ್ದ ಈ ಕನ್ನಡನಾಡಿನ ಭೂರಚನೆಯನ್ನು ಕುರಿತು ಅವನ ಗ್ರಂಥವು ೧೮೭೬ರಲ್ಲಿ ಭಾರತೀಯ ಭೂಸರ್ವೇಕ್ಷಣ ಸಂಸ್ಥೆಯಿಂದ ಪ್ರಕಟವಾಯಿತು. ಜೀವಾವಶೇಷಗಳಿಗೆ ಕಣ್ಣಿಲ್ಲದವನಲ್ಲ ಫೂಟನು. ೧೮೬೩ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದವನು ಅವನೇ. ಇದೇ ಬೆಳಗಾವಿ ಜಿಲ್ಲೆಯ ಗೋಕಾಕದ ಕಡೆ ದೊರೆತ ಖಡ್ಗಮೃಗದ ಅಸ್ಥಿಗಳನ್ನು ೧೮೭೪ರಲ್ಲಿ ವರ್ಣಿಸಿದವನೂ ಅವನೇ. ಆ ಅಸ್ಥಿಗಳು ಮಹೋರಗಗಳ ಕಾಲದವಲ್ಲ, ಬಹು ಈಚಿನವು. ಆಯುಧವನ್ನೂ ಅಸ್ಥಿಯನ್ನೂ ಕಾಣಬಲ್ಲ ಇಂಥ ಕಣ್ಣಿಗೆ ಸವದತ್ತಿಯ ಬೆಟ್ಟಸಾಲಿನಲ್ಲಿ ಒಂದೆಲೆಯೂ ಕಾಣದಿದ್ದುದನ್ನು ನೋಟದ ದೋಷವೆನ್ನಲಾಗದು. ಅದು ಬೆಲೆಯುಳ್ಳ ಸಾಕ್ಷ್ಯ.

ಕಾರಣವು ಕಾಲಗಣನೆಯಲ್ಲಿದೆ. ಮಹೋರಗಗಳ ಕಾಲವು ಸುಮಾರು ೨೩ ಕೋಟಿ ವರ್ಷಗಳ ಹಿಂದೆ ಮೊದಲಾಗಿ ೬.೬ ಕೋಟಿ ವರ್ಷಗಳ ಹಿಂದೆ ಮುಗಿಯಿತು. ನೆಲದ ಮೇಲೆ ಸಸ್ಯವೆಂಬುದು ಮೊದಲು ಕಾಣಿಸಿದ್ದೇ ಸುಮಾರು ೪೭ ಕೋಟಿ ವರ್ಷಗಳ ಹಿಂದೆ. ರಾಮದುರ್ಗ-ಸವದತ್ತಿಗಳ ಶಿಲೆಯಾದರೋ ೧೦೦ ಕೋಟಿ ವರ್ಷಗಳಿಗಿಂತಲೂ ಹಳೆಯದು. ಆ ಮರಳು ದಡಕ್ಕೆ ಬಿದ್ದಾಗ ಜಗತ್ತಿನಲ್ಲಿ ಎಲೆಯೇ ಇರಲಿಲ್ಲ. ಹಳಗನ್ನಡದ ಓಲೆಯಲ್ಲಿ ಇಂದಿನ ಊರಿನ ರೈಲುನಿಲ್ದಾಣವನ್ನು ಹುಡುಕಿದಂತೆ ಅಲ್ಲಿ ಜರಿಗಿಡವನ್ನು ಹುಡುಕುವುದು. ಹಾಗೆಂದು ಆ ಶ್ರೇಣಿಯು ಪೂರ್ಣವಾಗಿ ನಿರ್ಜೀವವೂ ಅಲ್ಲ. ಅದರ ಸುಣ್ಣದ ಶಿಲೆಗಳಲ್ಲಿ ಸ್ಟ್ರೊಮಟೊಲೈಟ್ ಎಂಬ ಗುಮ್ಮಟದಾಕಾರದ ಪದರುಗಳಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಹಾಸಿನ ಮೇಲೆ ಹಾಸು ಕೂಡಿ ಅವು ಆದವು. ಎಲೆಗಿಂತ ಬಹು ಹಳೆಯ ಕುಲದ ಕೈಬರಹವದು, ನೋಡುವವರಿಗೆ ಮಾತ್ರ ಬರಿಯ ಅಲೆಗೆರೆಯಂತೆ ತೋರುತ್ತದೆ.

ಈ ನಾಡಿನ ಕಲ್ಲನ್ನು ಸೀಳಿದಾಗ ಒಮ್ಮೊಮ್ಮೆ ಒಳಮೈಯಲ್ಲಿ ಕಪ್ಪು ಜರಿಗಿಡವೊಂದು ಬರೆದಂತೆ ಕಂಡರೆ ಏನೆನ್ನಬೇಕು? ಪಾಠಪರಿಷ್ಕರಣದಲ್ಲಿ ಪಳಗಿದವರಿಗೆ ಇಲ್ಲಿ ಕೆಲಸವುಂಟು. ಸುಣ್ಣಗಲ್ಲು, ಮರಳುಗಲ್ಲು ಮುಂತಾದವುಗಳ ಬಿರುಕಿನೊಳಗೆ ನೀರು ಇಳಿದು, ಅದರಲ್ಲಿ ಕರಗಿದ ಮ್ಯಾಂಗನೀಸು ಕೊಂಬೆಕೊಂಬೆಯಾಗಿ ಕೂಡುವುದುಂಟು; ಇದನ್ನು ಡೆಂಡ್ರೈಟ್ ಎನ್ನುವರು. ಅಲ್ಲಿ ಯಾವ ಗಿಡವೂ ಇದ್ದುದಿಲ್ಲ. ಅದು ಶಿಲೆಯ ಪದರನ್ನು ಅನುಸರಿಸದೆ ಬಿರುಕನ್ನು ಅನುಸರಿಸುತ್ತದೆ. ಬಿರುಕಿನ ಅಂಚಿನಿಂದ ಒಳಕ್ಕೆ ಕವಲೊಡೆಯುತ್ತದೆ. ನಡುನರವಿಲ್ಲ, ನರಜಾಲವಿಲ್ಲ, ಸೂಕ್ಷ್ಮದರ್ಶಕದಲ್ಲಿ ಕೋಶವಿಲ್ಲ. ನಿಜವಾದ ಎಲೆಯಾದರೆ ಕೆಸರು ಕುಳಿತ ಮಟ್ಟದಲ್ಲೇ ಚಪ್ಪಟೆಯಾಗಿ ಮಲಗಿರುತ್ತದೆ, ಅನೇಕ ವೇಳೆ ಇದ್ದಿಲ ತೆಳುಪೊರೆಯನ್ನೂ ಉಳಿಸಿರುತ್ತದೆ. ಓಲೆಗರಿಯ ಮೇಲೆ ಹುಳು ಕೊರೆದ ಗೆರೆಯನ್ನು ಒತ್ತಕ್ಷರವೆಂದು ಓದಿ ಅದಕ್ಕೊಂದು ಅರ್ಥವನ್ನೂ ಹೊಂದಿಸಿದ ಪಂಡಿತರ ಕಥೆಯನ್ನು ಕೇಳಿ ನಗುವವರು, ಕಲ್ಲಿನ ವಿಷಯದಲ್ಲಿ ಅದೇ ಹುಳುವಿಗೆ ಸೋಲಬಾರದು. ಇದಕ್ಕೆ ಪ್ರತಿಯಾಗಿ, ಕಲಾದಗಿ ಶ್ರೇಣಿಯ ಕ್ವಾರ್ಟ್ಸೈಟಿನ ಮೇಲೆ ಕಾಣುವ ಸಾಲುಸಾಲಾದ ತೆರೆಗುರುತುಗಳು ನಿಜವಾದ ಬರಹ: ಆಳವಿಲ್ಲದ ನೀರಿನ ತೆರೆಯು ಒದ್ದೆ ಮರಳನ್ನು ನೇವರಿಸಿದ ಗುರುತು. ಆಶ್ಚರ್ಯಕ್ಕೆ ಅದು ಸಾಲದೆ?

ಮಹೋರಗಗಳ ಕಾಲದ ಸಸ್ಯವನ್ನು ಕಲ್ಲಿನಲ್ಲಿ ಓದಬೇಕಾದವರು ಈ ಬೆಟ್ಟಸಾಲನ್ನು ಬಿಟ್ಟು ಬೇರೆಡೆಗೆ ಹೋಗಬೇಕು. ಬೆಳಗಾವಿ ಜಿಲ್ಲೆಯ ಉತ್ತರಭಾಗವನ್ನು ಹೊದಿಸಿರುವ ದಖ್ಖನಿನ ಲಾವಾಶಿಲೆಯು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಹರಿದದ್ದು. ಒಂದು ಹರಿವಿಗೂ ಮುಂದಿನ ಹರಿವಿಗೂ ನಡುವಣ ಬಿಡುವಿನಲ್ಲಿ ಕೆರೆಗಳು ನಿಂತವು, ಗಿಡಗಳು ಬೆಳೆದವು. ಆ ಕೆರೆಗಳ ಕೆಸರೇ ಲಾವಾಂತರ ಸ್ತರ. ಕನ್ನಡನಾಡಿನಲ್ಲಿ ಗುರುಮಠಕಲ್ಲಿನ ಬಳಿ ಇಂಥ ಸ್ತರವಿದ್ದು, ಕೇರಾ ಕುಲದ ನೀರುಸಸ್ಯಗಳ ಸಣ್ಣ ಬೀಜದಂಥ ಅವಶೇಷಗಳು ಅಲ್ಲಿ ದೊರೆತಿವೆ. ಮಧ್ಯಪ್ರದೇಶದ ಛಿಂದ್‌ವಾಡ ಜಿಲ್ಲೆಯ ಮೋಹಗಾಂವ್ ಕಲಾನಿನದು ಇನ್ನೂ ಸಂಪನ್ನ. ಅಲ್ಲಿ ಸಿಲಿಕವು ಸಸ್ಯದ ಕೋಶಕೋಶವನ್ನೂ ತುಂಬಿದ್ದರಿಂದ, ಕಲ್ಲನ್ನು ತೆಳುವಾಗಿ ತೇದು ಸೂಕ್ಷ್ಮದರ್ಶಕದಲ್ಲಿಟ್ಟರೆ ಹಣ್ಣಿನ ಒಳಗೋಡೆಯೂ ಬೀಜವೂ ಕಾಣುತ್ತವೆ. ಬೀರಬಲ ಸಾಹನಿಯವರು ೧೯೪೩ರಲ್ಲಿ ವರ್ಣಿಸಿದ ಎನಿಗ್ಮೊಕಾರ್ಪಾನ್ ಎಂಬ ಹಣ್ಣು ಅಲ್ಲಿಯದೇ. ಹೆಸರಿನ ಅರ್ಥ ‘ಒಗಟಿನ ಕಾಯಿ’. ತಮಗೆ ತಿಳಿಯದ್ದನ್ನು ಹೆಸರಿನಲ್ಲೇ ಒಪ್ಪಿಕೊಂಡ ಈ ವಿನಯವು ನಮ್ಮ ಪಾರಿಭಾಷಿಕ ಶಬ್ದಕಾರರಿಗೆ ಅಭ್ಯಾಸಯೋಗ್ಯ. ಇದಕ್ಕಿಂತ ಪ್ರಾಚೀನವಾದ ರಾಜಮಹಲ್ ಬೆಟ್ಟಗಳ ಸ್ತರಗಳಲ್ಲಿ ಅಚ್ಚು, ಒಡಲು ಎರಡೂ ಉಂಟು. ಸಾಹನಿಯವರು ೧೯೩೨ರಲ್ಲಿ ವಿಲಿಯಮ್ಸೋನಿಯಾ ಸಿವಾರ್ಡಿಯಾನವನ್ನು ಸಮಗ್ರವಾಗಿ ರಚಿಸಿ ತೋರಿಸಿದ್ದು ಅಲ್ಲಿಯ ಸಾಮಗ್ರಿಯಿಂದ.

ಸಾಹನಿಯವರ ಓದು ಎಲ್ಲೆಡೆಯೂ ನಿಂತಿತೆಂದಲ್ಲ. ಲಾವಾಂತರ ಸ್ತರಗಳ ತಾಳೆಜಾತಿಯ ಅವಶೇಷಗಳನ್ನು ನೋಡಿ, ಲಾವಾದ ಹರಿವು ಮಹೋರಗಗಳ ಕಾಲವು ಕಳೆದ ಮೇಲಿನದೆಂದು ಅವರು ವಾದಿಸಿದರು. ಅನಂತರ ವಿಕಿರಣದ ಆಧಾರದಿಂದ ಕಾಲವನ್ನೆಣಿಸಿದಾಗ, ಲಾವಾದ ಮುಖ್ಯ ಹರಿವು ಆ ಎರಡು ಯುಗಗಳ ಗಡಿಯನ್ನೇ ತುಳಿದು ನಿಂತಿತು. ಸಸ್ಯವನ್ನು ಅವರು ಸರಿಯಾಗಿ ಓದಿದರು; ಸಸ್ಯದಿಂದ ಕಾಲಕ್ಕೆ ಹಾಕಿದ ಹೆಜ್ಜೆಯು ದೂರವಾಯಿತು. ಛಂದಸ್ಸಿನಿಂದ ಕವಿಯ ಶತಮಾನವನ್ನು ನಿರ್ಣಯಿಸುವವರಿಗೆ ಈ ತೆರನ ಹೆಜ್ಜೆ ಅಪರಿಚಿತವಲ್ಲ. ಸಾಹನಿಯವರ ತಪ್ಪನ್ನು ತಿದ್ದಲು ಸಾಧ್ಯವಾದದ್ದು ಅವರು ತಮ್ಮ ಆಧಾರವನ್ನು ಮುಚ್ಚಿಡದೆ ಚಿತ್ರಸಹಿತ ಮುಂದಿಟ್ಟದ್ದರಿಂದ. ಬರಿಯ ಬಣ್ಣನೆಯ ತಪ್ಪಿಗೆ ಇಂಥ ತಿದ್ದುಪಡಿಯೂ ದೊರೆಯದು.

ಬೈಲಹೊಂಗಲದ ಎರೆಭೂಮಿಯನ್ನೂ, ಮಲೆನಾಡಿನ ಅಂಚಿಗಿರುವ ಕಿತ್ತೂರಿನ ಜಂಬಿಟ್ಟಿಗೆಯನ್ನೂ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅವು ಶಿಲೆಯು ಸವೆದು ಕೊಳೆತು ಆದವು, ಎಲೆಯನ್ನು ಕಾಪಾಡುವ ಬಗೆಯವಲ್ಲ. ಮಲಪ್ರಭೆಯು ಸವದತ್ತಿಯ ಬೆಟ್ಟವನ್ನು ಹಾದುಹೋಗುವ ನವಿಲುತೀರ್ಥದ ಕಣಿವೆಯನ್ನು ಕುರಿತು ಮಾತ್ರ ಒಂದು ಮಾತು. ಬೆಟ್ಟಕ್ಕೆ ಅಡ್ಡನಿಂತ ನದಿಯನ್ನು ಮೇಲಿನಿಂದ ನವಿಲೊಂದು ಬಾ ಬಾ ಎಂದು ಕೂಗಿ ಅಣಕಿಸಲು, ಬೆಟ್ಟವು ಸೀಳಿ ನದಿಯು ನುಗ್ಗಿತೆಂದು ಐತಿಹ್ಯ. ಇಂಥ ಕಣಿವೆಗಳಿಗೆ ಭೂಶಾಸ್ತ್ರವು ಕೊಡುವ ಕಾರಣ ಬೇರೆ: ಈಗಿನ ಬೆಟ್ಟದ ನೆತ್ತಿಗಿಂತ ಎತ್ತರದ ಮಟ್ಟದಲ್ಲಿ ನದಿಯು ಮೊದಲೇ ಹರಿಯುತ್ತಿರುತ್ತದೆ; ಸುತ್ತಣ ಮೆದುಶಿಲೆ ಸವೆದು ತಗ್ಗಿದಂತೆ ಗಟ್ಟಿಶಿಲೆಯನ್ನೂ ತನ್ನ ಜಾಡಿನಲ್ಲೇ ಕೊರೆಯುತ್ತ ಇಳಿಯುತ್ತದೆ. ಐತಿಹ್ಯವು ತಾನು ಕಥೆಯೆಂಬುದನ್ನು ಮರೆಮಾಚುವುದಿಲ್ಲ, ಅದನ್ನು ಕೇಳಿ ಯಾರೂ ನವಿಲಿನ ಗರಿಯನ್ನು ಕಲ್ಲಿನಲ್ಲಿ ಹುಡುಕುವುದಿಲ್ಲ. ಪಾಠದಲ್ಲಿ ಅದು ಐತಿಹ್ಯವಾಗಿಯೇ ಇರಲಿ. ಅದರ ಪಕ್ಕದಲ್ಲಿ ತೆರೆಗುರುತಿನ ಒಂದು ಚಪ್ಪಡಿಯನ್ನೂ ವಿದ್ಯಾರ್ಥಿಗಳ ಕೈಗೆ ಕೊಡುವುದು ಒಳಿತು.