ಸ್ತ್ರೀವೇಷದ ಹಾಸ್ಯನಟರೂ ಪ್ರೇಕ್ಷಕರ ಊಹೆಯೂ

ಪುರುಷನು ಸ್ತ್ರೀಪಾತ್ರವನ್ನು ವಹಿಸುವುದಕ್ಕೆ ಭರತನು ರೂಪಾನುಸಾರಿಣಿ ಎಂಬ ಹೆಸರನ್ನಿತ್ತಿದ್ದಾನೆ. ಈ ಹೆಸರಿನಲ್ಲಿ ಪಾತ್ರದ ಮಾತಿದೆಯೇ ಹೊರತು ನಟನ ಅಂತರಂಗದ ಮಾತಿಲ್ಲ. ಪ್ರೇಕ್ಷಕನ ಕುತೂಹಲವಾದರೋ ಅಷ್ಟಕ್ಕೆ ತಣಿಯದು. ವೇಷ ಕಳಚಿದ ಮೇಲೆ ಇವನು ಒಲಿಯುವುದು ಹೆಣ್ಣಿಗೋ ಗಂಡಿಗೋ ಎಂದು ಅವನು ಕೇಳುತ್ತಾನೆ. ಉತ್ತರವನ್ನು ಸೀರೆಯ ನೆರಿಗೆಯಲ್ಲಿಯೇ ಹುಡುಕುತ್ತಾನೆ. ಈ ಊಹೆ ಎಷ್ಟು ದುರ್ಬಲವೆಂಬುದನ್ನು ಇಂಗ್ಲೆಂಡಿನ ಮಾಂಟಿ ಪೈಥಾನ್ ತಂಡದ ನಿದರ್ಶನದಿಂದ ಪರಿಶೀಲಿಸೋಣ.

1969ರಿಂದ 1974ರವರೆಗೆ ಬಿ.ಬಿ.ಸಿ. ದೂರದರ್ಶನದಲ್ಲಿ ಪ್ರಸಾರವಾದ ಇವರ ಪ್ರಹಸನಗಳಲ್ಲಿ ತರುಣಿಯ ಪಾತ್ರಗಳು ಹೆಚ್ಚಾಗಿ ಕೆರೊಲ್ ಕ್ಲೀವ್‌ಲೆಂಡ್ ಎಂಬ ನಟಿಯ ಪಾಲಿಗೆ ಬಂದುವು. ನಡುವಯಸ್ಸಿನ ಗೃಹಿಣಿಯರೂ ಮುದುಕಿಯರೂ ಗಂಡಸರಿಗೇ ಮೀಸಲು. ನಮ್ಮ ಯಕ್ಷಗಾನದ ಸ್ತ್ರೀವೇಷಧಾರಿ ತನ್ನನ್ನು ಹೆಣ್ಣೆಂದು ನಂಬಿಸಲು ಶ್ರಮಿಸುತ್ತಾನೆ; ಈ ಗೃಹಿಣಿಯರಿಗೆ ಆ ಚಿಂತೆಯೇ ಇಲ್ಲ. ಗಂಡುಗಂಟಲನ್ನು ಹಿಂಡಿ ಕಿರಿಚುವುದೇ ಅವರ ವಾಚಿಕ. ಇದರಲ್ಲಿ ಎಲ್ಲರಿಗಿಂತ ಮಿಗಿಲಾದವನು ಟೆರ್ರಿ ಜೋನ್ಸ್, ಹೆಂಡತಿ ಮಕ್ಕಳೊಡಗೂಡಿದ ಸಂಸಾರಿ. ತಂಡದಲ್ಲಿ ಸಲಿಂಗಾನುರಾಗಿಯಾಗಿದ್ದವನು ಗ್ರಹಾಂ ಚಾಪ್‌ಮನ್. ಅವನೂ ಲಂಗ ತೊಟ್ಟದ್ದುಂಟು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಪ್ರಹಸನವನ್ನು ನಡುವೆಯೇ ಗದರಿಸಿ ನಿಲ್ಲಿಸುವ ಕರ್ನಲ್ಲನಾಗಿ, 1975ರ ಚಿತ್ರದ ಆರ್ಥರ್ ರಾಜನಾಗಿ.

ತಂಡದವರೇ ಹೇಳಿಕೊಂಡಿರುವ ಪ್ರಸಂಗವೊಂದಿದೆ. ನಿಮ್ಮಲ್ಲೊಬ್ಬನು ಸಲಿಂಗಾನುರಾಗಿಯೆಂದು ಕೇಳಿದೆನೆಂದೂ ಅದು ಪಾಪವೆಂದೂ ಪ್ರೇಕ್ಷಕಿಯೊಬ್ಬಳು ಬೈಬಲ್ಲನ್ನು ಆಧರಿಸಿ ಬರೆದಳಂತೆ. ಅವನು ಯಾರೆಂದು ಪತ್ತೆಹಚ್ಚಿ ಕೊಂದುಬಿಟ್ಟೆವೆಂದು ಎರಿಕ್ ಐಡಲ್ ಉತ್ತರಿಸಿದನಂತೆ. ಉತ್ತರದ ಕಟಕಿ ಸರ್ವವಿದಿತ. ನಮಗೆ ಅದಕ್ಕಿಂತ ಮುಖ್ಯವಾಗಿ ತೋರುವುದು, ಅವರೆಲ್ಲರನ್ನೂ ಲಂಗದಲ್ಲಿ ಕಂಡಿದ್ದರೂ ಅವನು ಯಾರೆಂಬುದು ಆಕೆಗೆ ತಿಳಿಯಲಿಲ್ಲವೆಂಬುದು.

ಇಲ್ಲಿ ಬೇರೊಂದು ಬಲೆಯಿದೆ. ಚಾಪ್‌ಮನ್ನನ ಪೈಪು, ಕರ್ನಲ್ಲನ ಗತ್ತು ಇವೆಲ್ಲ ಒಳಗುಟ್ಟನ್ನು ಮುಚ್ಚುವ ಮುಖವಾಡಗಳೆಂದು ವಾದಿಸುವುದು ಸುಲಭ. ಇಂಗ್ಲೆಂಡಿನಲ್ಲಿ ವಯಸ್ಕ ಪುರುಷರ ಖಾಸಗಿ ಸಲಿಂಗ ಸಂಬಂಧವು ಅಪರಾಧವಲ್ಲವೆಂದಾದುದು 1967ರಲ್ಲಿ; ಭಯಕ್ಕೆ ಕಾರಣವಿತ್ತು ನಿಜ. ಆದರೆ ಅದೇ ವರ್ಷ ಅವನು ತನ್ನ ಸಂಗಾತಿಯನ್ನು ಗೆಳೆಯರಿಗೆ ಪರಿಚಯಿಸಿದ್ದ. ಲಂಗದಿಂದ ಒಲವನ್ನು ಓದುವುದು ತಪ್ಪಾದರೆ ಮೀಸೆಯಿಂದ ಓದುವುದೂ ತಪ್ಪೇ.

ಈ ಊಹೆಯನ್ನೇ ವಸ್ತುವಾಗಿಸಿಕೊಂಡದ್ದು ತಂಡದ ಹಿರಿಮೆ. 1969ರ ಮರಕಡಿಯುವವನ ಹಾಡಿನಲ್ಲಿ ಮೈಕೇಲ್ ಪೇಲಿನ್ ತನ್ನ ಪೌರುಷವನ್ನು ಹಾಡುತ್ತ ಹಾಡುತ್ತ ಹೆಂಗಸರ ಉಡುಪಿನ ಆಸೆಯನ್ನು ಹೊರಗೆಡಹುತ್ತಾನೆ. ಪಕ್ಕದಲ್ಲಿ ಪ್ರೇಯಸಿ ನಿಂತೇ ಇದ್ದಾಳೆ. ಅವನು ಹೇಳಿದ್ದು ಹೆಚ್ಚಾಗಿ ಬಟ್ಟೆಯ ಮಾತನ್ನೇ. ಆದರೂ ಹಿಮ್ಮೇಳದವರು ಅಸಹ್ಯಪಟ್ಟು ಹೊರನಡೆಯುತ್ತಾರೆ. ಈ ಹಿಮ್ಮೇಳ ಪ್ರೇಕ್ಷಕನ ಪ್ರತಿಬಿಂಬವೇ. 1979ರ ಬ್ರಯನ್ ಚಿತ್ರದಲ್ಲಂತೂ ಕಲ್ಲೆಸೆಯುವ ಶಿಕ್ಷೆಯನ್ನು ನೋಡಲು ಹೆಂಗಸರಿಗೆ ನಿಷೇಧ. ಅವರು ಗಡ್ಡ ಅಂಟಿಸಿಕೊಂಡು ಬರುತ್ತಾರೆ. ಆ ಹೆಂಗಸರನ್ನು ಆಡುವವರು ಗಂಡಸರು! ಇಲ್ಲಿ ಯಾರ ಲಿಂಗವನ್ನು ಯಾವ ಗಡ್ಡ ಸಾಕ್ಷೀಕರಿಸೀತು?

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಹೆಣ್ಣಿಗನಂತೆ ಒಯ್ಯಾರ ಮಾಡುತ್ತ ಕವಾಯತು ನಡೆಸುವ ಸೈನಿಕರ ಪ್ರಹಸನವೂ ಇವರದೇ. ಅಲ್ಲಿ ನಗೆ ಹುಟ್ಟುವುದು ಹಳೆಯ ಊಹೆಯ ಬಲದಿಂದಲೇ. ಅದನ್ನು ಚುಚ್ಚುವ ಯಾವ ತಿರುವೂ ಅಲ್ಲಿಲ್ಲ. ಪತ್ರ ಬರೆದ ಪ್ರೇಕ್ಷಕಿಯನ್ನು ನೋಡಿ ನಗುವ ವಿಮರ್ಶಕರು ಈ ಪ್ರಹಸನದ ಬಗ್ಗೆ ಮೌನವಾಗಿರುವುದು ನಮಗೆ ಸರಿಕಾಣದು.