ಪ್ರಯೋಗಾಲಯದಿಂದ ಊರಕಟ್ಟೆಗೆ: ಸಣ್ಣ ಸಂಶೋಧನ ಗುಂಪುಗಳ ವಿಜ್ಞಾನ ಸಂವಹನ – ಒಂದು ಜಾನಪದೀಯ ವಿಮರ್ಶೆ

ವಿಜ್ಞಾನವನ್ನು ಕನ್ನಡದಲ್ಲಿ ಜನರಿಗೆ ತಲುಪಿಸುವ ಪ್ರಯತ್ನಕ್ಕೆ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಶ್ರಮದಿಂದ ಹೊರಬಂದ ‘ವಿಜ್ಞಾನ’ ಮಾಸಪತ್ರಿಕೆ, ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ ಸಂಪುಟಗಳು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮೊದಲಾದವು ಈ ದಾರಿಯ ಮುಖ್ಯ ಮೈಲಿಗಲ್ಲುಗಳು. ಇವೆಲ್ಲವೂ ಓದುಗನನ್ನು ಉದ್ದೇಶಿಸಿದವು. ಕಳೆದ ಒಂದೂವರೆ ದಶಕದಲ್ಲಿ ಈ ಸ್ಥಿತಿ ಬದಲಾಗಿದೆ. ಒಂದು ವಿಶ್ವವಿದ್ಯಾಲಯದ ವಿಭಾಗ, ಒಂದು ಪ್ರಯೋಗಾಲಯ, ಕೆಲವೇ ಮಂದಿ ಆಸಕ್ತ ವಿಜ್ಞಾನಿಗಳು ಇಂದು ಪತ್ರಿಕೆಯ ನೆರವಿಲ್ಲದೆ ವಾಟ್ಸಾಪ್, ಫೇಸ್‌ಬುಕ್, ಯೂಟ್ಯೂಬ್‌ಗಳ ಮೂಲಕ ನೇರವಾಗಿ ಜನರೊಡನೆ ಮಾತನಾಡುತ್ತಿದ್ದಾರೆ. ಇಲ್ಲಿ ಓದುಗನ ಜಾಗದಲ್ಲಿ ಕೇಳುಗನಿದ್ದಾನೆ, ನೋಡುಗನಿದ್ದಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿದ್ದನ್ನು ಮತ್ತೊಬ್ಬರಿಗೆ ದಾಟಿಸುವವನಿದ್ದಾನೆ. ದಾಟಿಸುವ ಕ್ರಿಯೆ ಎಲ್ಲಿದೆಯೋ ಅಲ್ಲಿ ಜಾನಪದ ಅಧ್ಯಯನಕ್ಕೆ ಕೆಲಸವಿದೆ. ಈ ಸಂವಹನದ ಸ್ವರೂಪವನ್ನು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂಥ ಒಂದು ಊರಿನ ನೆಲೆಯಲ್ಲಿ ನಿಂತು ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ವಾಲ್ಟರ್ ಆಂಗ್ 1982ರಲ್ಲಿ ‘ದ್ವಿತೀಯ ಮೌಖಿಕತೆ’ ಎಂಬ ಪರಿಕಲ್ಪನೆಯನ್ನು ಮಂಡಿಸಿದಾಗ ಅವನ ಕಣ್ಣ ಮುಂದಿದ್ದುದು ರೇಡಿಯೊ, ದೂರವಾಣಿ ಮತ್ತು ದೂರದರ್ಶನ. ಮೊಬೈಲಿನ ಮಾತಿಗೆ ಈ ಪರಿಕಲ್ಪನೆ ಇನ್ನೂ ಹೆಚ್ಚು ಹೊಂದುತ್ತದೆ. ಆದರೆ ನಮ್ಮ ಚರ್ಚೆಗೆ ಇದಕ್ಕಿಂತಲೂ ಉಪಯುಕ್ತವಾದುದು ರೋಮನ್ ಯಾಕೊಬ್ಸನ್ ಮತ್ತು ಪ್ಯೋತರ್ ಬೊಗತಿರೆವ್ 1929ರಲ್ಲಿ ಮುಂದಿಟ್ಟ ವಿಚಾರ. ಒಂದು ಮೌಖಿಕ ರಚನೆ ಹುಟ್ಟಿದ ಕ್ಷಣದಿಂದಲೇ ಜಾನಪದವಾಗುವುದಿಲ್ಲ; ಸಮುದಾಯ ಅದನ್ನು ಒಪ್ಪಿದಾಗ ಮಾತ್ರ ಉಳಿಯುತ್ತದೆ, ಒಪ್ಪದಿದ್ದರೆ ಸದ್ದಿಲ್ಲದೆ ಸಾಯುತ್ತದೆ ಎಂಬುದು ಅವರ ವಾದ. ಸಮುದಾಯದ ಈ ಜರಡಿಯನ್ನು ದಾಟದ ವಿಜ್ಞಾನ ಸಂದೇಶ ಎಷ್ಟು ಮೊಬೈಲುಗಳನ್ನು ತಲುಪಿದರೂ ಬದುಕಿಗೆ ಇಳಿಯುವುದಿಲ್ಲ. ತಲುಪಿದವರ ಸಂಖ್ಯೆಯನ್ನೇ ಯಶಸ್ಸಿನ ಅಳತೆಯಾಗಿ ಹಿಡಿಯುವ ಪರಿಪಾಠ ಈ ಕಾರಣದಿಂದಲೇ ಪ್ರಶ್ನಾರ್ಹ.

ಜರಡಿಯ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಒಬ್ಬ ಅಮಾಯಕ ಯುವಕ ಬಲಿಯಾದ. ಅದೇ ತಿಂಗಳು ಆ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ವದಂತಿ ಜಾನಪದದ ಹಳೆಯ ಪ್ರಕಾರಗಳಲ್ಲೊಂದು. ಅದು ಸಮುದಾಯದ ಜರಡಿಯನ್ನು ಸುಲಭವಾಗಿ ದಾಟುತ್ತದೆ, ಏಕೆಂದರೆ ಅದು ಸಮುದಾಯದಲ್ಲಿ ಮೊದಲೇ ಮನೆಮಾಡಿದ್ದ ಭಯದ ಮಾತನ್ನಾಡುತ್ತದೆ. ವಿಜ್ಞಾನದ ಸಂದೇಶವೂ ಇದೇ ದಾರಿಯಲ್ಲಿ, ಇದೇ ಕೈಗಳಿಂದ ಸಾಗಬೇಕಾಗಿದೆ. ಸಮುದಾಯದ ಒಪ್ಪಿಗೆಯೊಂದೇ ಸತ್ಯದ ಪ್ರಮಾಣವಲ್ಲ ಎಂಬ ಎಚ್ಚರ ಜಾನಪದ ವಿದ್ವಾಂಸನಿಗೆ ಇರಬೇಕಾದಂತೆಯೇ, ಸತ್ಯವೊಂದೇ ಒಪ್ಪಿಗೆಯನ್ನು ತರುವುದಿಲ್ಲ ಎಂಬ ಎಚ್ಚರ ವಿಜ್ಞಾನಿಗೂ ಇರಬೇಕು.

2

ಕನ್ನಡದಲ್ಲಿ ಈ ಬಗೆಯ ಪ್ರಯತ್ನಗಳಲ್ಲಿ ಗಮನಾರ್ಹವಾದುದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ವಿಜ್ಞಾನಿಯಾಗಿದ್ದ ಕೊಳ್ಳೇಗಾಲ ಶರ್ಮ ಅವರು 2017ರಲ್ಲಿ ಆರಂಭಿಸಿದ ‘ಜಾಣಸುದ್ದಿ’. ಹೊಸ ಸಂಶೋಧನೆಗಳ ಸುದ್ದಿಯನ್ನು ಆಡುಮಾತಿನಲ್ಲಿ ಧ್ವನಿಮುದ್ರಿಸಿ ವಾಟ್ಸಾಪ್ ಮೂಲಕ ಹಂಚುವ ಈ ಕಾರ್ಯಕ್ಕೆ ದೊಡ್ಡ ಬಂಡವಾಳದ ಅಗತ್ಯವಿರಲಿಲ್ಲ. ಇದರ ನಿಜವಾದ ಸಾಧನೆ ಧ್ವನಿಯಲ್ಲಿದೆ. ಬರಹದಲ್ಲಿ ಕಳೆದುಹೋಗುವ ಏರಿಳಿತ, ನಿಲುಗಡೆ, ಅಚ್ಚರಿಗಳು ಇಲ್ಲಿ ಮರಳಿ ಬಂದಿವೆ. ಕೇಳುಗನಿಗೆ ಹೇಳುವವನ ಗುರುತು ಸಿಗುತ್ತದೆ. ಇದರ ಮಿತಿಯೂ ಧ್ವನಿಯಲ್ಲೇ ಇದೆ. ಕಥೆ ಹೇಳುವ ಅಜ್ಜಿಗೆ ಎದುರಿನಿಂದ ಹೂಂಗುಟ್ಟುವವರಿರುತ್ತಾರೆ. ಹೂಂಗುಟ್ಟುವಿಕೆ ನಿಂತರೆ ಕಥೆಯ ದಾರಿಯೇ ಬದಲಾಗುತ್ತದೆ. ಮುದ್ರಿತ ಧ್ವನಿಗೆ ಈ ಹೂಂಗುಟ್ಟುವಿಕೆ ಕೇಳಿಸುವುದಿಲ್ಲ. ಇದು ವ್ಯಕ್ತಿಯ ಕೊರತೆಯಲ್ಲ, ಮಾಧ್ಯಮದ ಗುಣ.

2020ರ ಸಾಂಕ್ರಾಮಿಕದ ದಿನಗಳಲ್ಲಿ ಭಾರತೀಯ ವಿಜ್ಞಾನಿಗಳು ಸ್ವಯಂಪ್ರೇರಣೆಯಿಂದ ಗುಂಪುಗೂಡಿ ಸುಳ್ಳು ಸುದ್ದಿಗಳನ್ನು ಭಾರತೀಯ ಭಾಷೆಗಳಲ್ಲಿ ಖಂಡಿಸಿದ್ದು ಸ್ತುತ್ಯರ್ಹ. ಆದರೆ ಖಂಡನೆಯೊಂದೇ ಸಂವಹನವಾದಾಗ ಏನಾಗುತ್ತದೆ ಎಂಬುದಕ್ಕೆ 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಿದರ್ಶನ. ಆ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಚಿತ್ರಗಳು ಎಲ್ಲೆಡೆ ಹರಡಿದವು. ಆ ಆಚರಣೆ ಮಕ್ಕಳಿಗೆ ಹಿಂಸೆಯಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚಿತ್ರವನ್ನು ಹಂಚಿ ನಕ್ಕವರು ಆ ತಾಯಂದಿರನ್ನು ಅಲ್ಲಿಗೆ ತಂದ ಹತಾಶೆಯನ್ನು ಕೇಳಲಿಲ್ಲ. ಚಿಕಿತ್ಸೆ ಮತ್ತು ಆರೈಕೆ ದೂರವಾಗಿರುವಲ್ಲಿ ನಂಬಿಕೆ ಹತ್ತಿರವಾಗುತ್ತದೆ. ಗ್ರಹಣದಲ್ಲಿ ಚಂದ್ರನು ಸೂರ್ಯನನ್ನು ಮರೆಮಾಡುತ್ತಾನೆಂಬ ವಿವರಣೆ ಸರಿಯಾದುದೇ. ಆ ತಾಯಿಯ ಪ್ರಶ್ನೆಗೆ ಅದು ಉತ್ತರವಲ್ಲ.

3

ಈಗ ರಾಯಚೂರು ಸೀಮೆಗೆ ಬರೋಣ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಎರೆನೆಲದಲ್ಲಿ ಹತ್ತಿ, ಜೋಳ, ತೊಗರಿ, ನೀರಾವರಿ ಇರುವಲ್ಲಿ ಭತ್ತ ಪ್ರಧಾನ ಬೆಳೆಗಳು. ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ‘ಇ-ಸ್ಯಾಪ್’ ಎಂಬ ವ್ಯವಸ್ಥೆಯನ್ನು ರೂಪಿಸಿ, ಕೀಟರೋಗಗಳನ್ನು ಹೊಲದಲ್ಲೇ ಗುರುತಿಸುವ ಸಾಧನವನ್ನು ವಿಸ್ತರಣಾ ಕಾರ್ಯಕರ್ತರ ಕೈಗಿತ್ತರು. ಸಾಧನವನ್ನು ಹಿಡಿದ ಒಬ್ಬ ಮನುಷ್ಯ ಹೊಲಕ್ಕೆ ಬರುತ್ತಾನೆಂಬುದೇ ಇದರ ಶಕ್ತಿ.

ಗುಲಾಬಿ ಕಾಯಿಕೊರಕದ ಪ್ರಕರಣವನ್ನು ಇಲ್ಲಿ ಪರಿಶೀಲಿಸಬಹುದು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಒಂದು ದಶಕದ ನಂತರ ಈ ಕೀಟ ನಿರೋಧಶಕ್ತಿ ಪಡೆದು ಮರಳಿತು. ಮರಿಹುಳು ಎಳೆಯ ಕಾಯಿಯನ್ನು ಹೊಕ್ಕ ಮೇಲೆ ರಂಧ್ರ ಮುಚ್ಚಿಹೋಗುತ್ತದೆ; ಹೊರಗಿನಿಂದ ಕಾಯಿ ಹಸಿರಾಗಿ, ಆರೋಗ್ಯವಾಗಿ ಕಾಣುತ್ತದೆ. ತಲೆಮಾರುಗಳಿಂದ ಎಲೆ, ಹೂ, ಕಾಯಿಗಳ ಬಣ್ಣ ನೋಡಿ ಬೆಳೆಯ ಆರೋಗ್ಯ ತಿಳಿಯುತ್ತಿದ್ದ ಒಕ್ಕಲುತನದ ಕಣ್ಣಿಗೆ ಇದು ಸಿಕ್ಕುವುದಿಲ್ಲ. ಮೋಹಕ ಬಲೆಗೆ ಸತತ ಮೂರು ರಾತ್ರಿ ದಿನಕ್ಕೆ 8 ಪತಂಗಗಳು ಬಿದ್ದರೆ ಕ್ರಮ ಕೈಗೊಳ್ಳಬೇಕು, ಹಸಿರು ಕಾಯಿಗಳನ್ನು ಬಿಡಿಸಿ ನೋಡಬೇಕು, ಬೆಳೆಯನ್ನು ಡಿಸೆಂಬರಿನ ಆಚೆಗೆ ಎಳೆಯದೆ ಕಟ್ಟಿಗೆಯನ್ನು ನಾಶಪಡಿಸಬೇಕು ಎಂಬುದು ವಿಜ್ಞಾನಿಗಳ ಸಲಹೆ. ಈ ಸಲಹೆ ಸಾಂಪ್ರದಾಯಿಕ ಜ್ಞಾನದಲ್ಲಿ ಇಲ್ಲದ್ದು. ಆದುದರಿಂದ ಇಲ್ಲಿ ವಿಜ್ಞಾನ ಸಂವಹನ ಅನಿವಾರ್ಯ.

ಆದರೆ ಸಂದೇಶ ಬರುವುದು ಒಬ್ಬೊಬ್ಬ ರೈತನ ಮೊಬೈಲಿಗೆ. ಪತಂಗ ಹಾರುವುದು ಬದುಗಳನ್ನು ದಾಟಿ. ಒಬ್ಬನು ಡಿಸೆಂಬರಿನಲ್ಲಿ ಹತ್ತಿಯನ್ನು ಕಿತ್ತು, ಪಕ್ಕದವನು ಇನ್ನೊಂದು ಬಿಡಿಸುವಿಕೆಯ ಆಸೆಯಿಂದ ಫೆಬ್ರವರಿಯವರೆಗೆ ಉಳಿಸಿಕೊಂಡರೆ ಕಿತ್ತವನಿಗೆ ಆದಾಯ ನಷ್ಟ, ಹುಳುವಿಗೆ ನಷ್ಟವಿಲ್ಲ. ಊರು ಒಟ್ಟಾಗಿ ನಿರ್ಧರಿಸಬೇಕಾದ ವಿಷಯವನ್ನು ವ್ಯಕ್ತಿಗೆ ತಿಳಿಸಿ ಸುಮ್ಮನಾಗುವುದು ಸಂವಹನದ ಮೂಲಭೂತ ದೋಷ. ಬಿತ್ತನೆ, ಜಾತ್ರೆ, ವಾರ ಹಿಡಿಯುವುದು ಇವುಗಳನ್ನೆಲ್ಲ ಕಟ್ಟೆಯಲ್ಲಿ ಕೂತು ತೀರ್ಮಾನಿಸಿ ಡಂಗುರ ಹೊಡೆಸುವ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ವಾಟ್ಸಾಪ್ ಗುಂಪು ಆ ಡಂಗುರಕ್ಕೆ ಪೂರಕವಾಗಬಹುದು, ಕಟ್ಟೆಗೆ ಪರ್ಯಾಯವಾಗಲಾರದು.

ಭಾಷೆಯ ಸಮಸ್ಯೆ ಇದಕ್ಕೆ ಹೊಂದಿಕೊಂಡಿದೆ. ಈ ಭಾಗದ ಒಕ್ಕಲಿಗರಿಗೆ ಸಿಂಪಡಿಸುವ ಔಷಧವೆಲ್ಲವೂ ‘ಎಣ್ಣಿ’. ಕೀಟನಾಶಕ, ಶಿಲೀಂಧ್ರನಾಶಕ ಎಂಬ ಶಿಷ್ಟ ಪದಗಳಲ್ಲಿರುವ ಭೇದ ಈ ಒಂದೇ ಮಾತಿನಲ್ಲಿ ಅಳಿಸಿಹೋಗುತ್ತದೆ. ‘ಎಣ್ಣಿ’ಯನ್ನು ತಪ್ಪೆಂದು ತಳ್ಳದೆ, ಹುಳದ ಎಣ್ಣಿ, ರೋಗದ ಎಣ್ಣಿ ಎಂದು ಅದನ್ನೇ ಒಡೆದು ಹೇಳುವ ಸಂದೇಶ ಹೊಲದವರೆಗೆ ಹೋಗುತ್ತದೆ. ಮಳೆಯ ವಿಷಯವೂ ಹೀಗೆಯೇ. ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹೆ ದಿನಾಂಕ, ಮಿಲಿಮೀಟರುಗಳಲ್ಲಿ ಮಾತನಾಡುತ್ತದೆ. ಹಿರೇಕೊಟ್ನೆಕಲ್‌ನ ಹಿರಿಯನ ಲೆಕ್ಕ ಉತ್ತರಿ, ಹಸ್ತ, ಚಿತ್ತಿ ಮಳೆಗಳಲ್ಲಿ, ಹಸಿ ಎಷ್ಟು ಗೇಣು ಇಳಿದಿದೆ ಎಂಬುದರಲ್ಲಿ ನಡೆಯುತ್ತದೆ. ಹದಿಮೂರು ಹದಿನಾಲ್ಕು ದಿನಗಳ ಮಳೆನಕ್ಷತ್ರವೂ ಸೂರ್ಯನ ಚಲನೆಯನ್ನೇ ಆಧರಿಸಿದ ಕಾಲಮಾನವಾದ್ದರಿಂದ ಎರಡನ್ನೂ ಒಂದೇ ಸಾಲಿನಲ್ಲಿ ಹೇಳಲು ಯಾವ ಶಾಸ್ತ್ರೀಯ ಅಡ್ಡಿಯೂ ಇಲ್ಲ. ಹಾಗೆಂದು ಮಳೆನಕ್ಷತ್ರದ ಮುನ್ಸೂಚನೆಗಳೆಲ್ಲ ನಿಜವೆಂದು ಒಪ್ಪಬೇಕಾಗಿಲ್ಲ. ಕಾಲವನ್ನು ಎಣಿಸುವ ಭಾಷೆಯಾಗಿ ಅದನ್ನು ಗೌರವಿಸಿದರೆ ಸಾಕು.

4

ಹಾಗಾದರೆ ಯಶಸ್ವಿ ಮಾದರಿಗಳಿಲ್ಲವೇ? ಇವೆ. 2009ರಲ್ಲಿ ಆರಂಭವಾದ ‘ಭೂಚೇತನ’ ಯೋಜನೆಯಲ್ಲಿ ಮಣ್ಣುಪರೀಕ್ಷೆಯ ಫಲಿತಾಂಶಗಳನ್ನು ಊರಿನ ಗೋಡೆಗಳ ಮೇಲೆ ಬರೆಸಲಾಯಿತು. ಊರಿನವರೇ ಆದ ‘ರೈತ ಅನುವುಗಾರ’ರು ಅದನ್ನು ವಿವರಿಸಿದರು. ಗೋಡೆಬರಹವನ್ನು ಓದಬಲ್ಲವನು ಓದಲಾರದವನಿಗೆ ಹೇಳುತ್ತಾನೆ. ಅಲ್ಲೇ ಚರ್ಚೆ ಹುಟ್ಟುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಮೊದಲು ಪ್ರಯೋಗಗೊಂಡ ‘ಡಿಜಿಟಲ್ ಗ್ರೀನ್’ ರೈತರನ್ನೇ ಪಾತ್ರಧಾರಿಗಳನ್ನಾಗಿಸಿ ವಿಡಿಯೊ ತಯಾರಿಸಿ, ಅದನ್ನು ಊರವರ ಮಧ್ಯೆ ನಿಲ್ಲಿಸಿ ನಿಲ್ಲಿಸಿ ತೋರಿಸಿತು. 16 ಹಳ್ಳಿಗಳ 13 ತಿಂಗಳ ಪ್ರಯೋಗದಲ್ಲಿ, ರೂಢಿಯ ವಿಸ್ತರಣಾ ಪದ್ಧತಿಗಿಂತ ಏಳು ಪಟ್ಟು ಹೆಚ್ಚು ಅಳವಡಿಕೆ ಕಂಡುಬಂದುದನ್ನು ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಆ ವಿಡಿಯೊ ನೋಡಿದ ರೈತರ ಮೊದಲ ಪ್ರಶ್ನೆ ಅವನ ಹೆಸರೇನು, ಅವನು ಯಾವ ಊರವನು ಎಂಬುದಾಗಿತ್ತೆಂಬ ಸಂಗತಿ ಜಾನಪದ ಅಧ್ಯಯನಕಾರನಿಗೆ ಅಚ್ಚರಿ ತರುವುದಿಲ್ಲ. ಹೇಳುವವನ ಊರು ತಿಳಿಯದೆ ಹೇಳಿದ ಮಾತನ್ನು ಕಟ್ಟೆ ತೂಗುವುದಿಲ್ಲ.

ಸಣ್ಣ ಗುಂಪುಗಳ ಬಲ ಇರುವುದು ಇಲ್ಲಿಯೇ. ದೊಡ್ಡ ಇಲಾಖೆಗೆ ಮುಖವಿರುವುದಿಲ್ಲ. ನಾಲ್ಕಾರು ಜನರ ಪ್ರಯೋಗಾಲಯಕ್ಕೆ ಹೆಸರಿದೆ, ಧ್ವನಿಯಿದೆ, ಕರೆದರೆ ಓಗೊಡುವ ಸಾಧ್ಯತೆಯಿದೆ. ಲಕ್ಷಾಂತರ ಜನರನ್ನು ತಲುಪುವ ಹಂಬಲದಲ್ಲಿ ಅವು ಈ ಬಲವನ್ನು ಬಿಟ್ಟುಕೊಡುವುದು ವಿಷಾದನೀಯ. ಹತ್ತು ಊರುಗಳನ್ನು ಆಯ್ದು, ಸಂದೇಶ ಅಲ್ಲಿ ಯಾವ ರೂಪ ಪಡೆಯಿತು, ಏನನ್ನು ಬಿಟ್ಟು ಏನನ್ನು ಸೇರಿಸಿ ದಾಟಿಸಲಾಯಿತು, ಎಲ್ಲಿ ನಿಂತುಹೋಯಿತು ಎಂಬ ಪಾಠಾಂತರಗಳನ್ನು ದಾಖಲಿಸುವುದು ಅಗತ್ಯ. ಪಾಠಾಂತರಗಳ ಸಂಗ್ರಹ ಜಾನಪದ ವಿಭಾಗಗಳಿಗೆ ಕರಗತವಾದ ವಿದ್ಯೆ. ಇಲ್ಲಿ ಪಾಠಾಂತರ ಒಂದು ಕುತೂಹಲವಾಗಿ ಉಳಿಯುವುದಿಲ್ಲ. ಎಣ್ಣಿಯ ಪ್ರಮಾಣ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವಾಗ ಬದಲಾದರೆ ನಷ್ಟವಾಗುವುದು ಬೆಳೆಗೆ ಮತ್ತು ಸಿಂಪಡಿಸುವವನ ದೇಹಕ್ಕೆ. ಕೃಷಿ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳೂ ಜಾನಪದ ಅಧ್ಯಯನ ವಿಭಾಗಗಳೂ ಈ ಕಾರ್ಯದಲ್ಲಿ ಕೈಜೋಡಿಸಿದಾಗ ವಿಜ್ಞಾನಕ್ಕೆ ಹೂಂಗುಟ್ಟುವವರು ದೊರೆಯುತ್ತಾರೆ. ಜಾನಪದವೂ ಸಂಗ್ರಹಾಲಯದಿಂದ ಹೊರಬಂದು ವರ್ತಮಾನದ ಹೊಲವನ್ನು ಕಾಣುತ್ತದೆ.