ಗಾತ್ರವೂ ವ್ಯಾಪ್ತಿಯೂ: ರಾಜಾಜಿಯವರ ರಾಜ್ಯವಿಚಾರದ ಒಂದು ವಿಮರ್ಶೆ

ಸರ್ಕಾರವು ಚಿಕ್ಕದಾಗಿರಬೇಕೋ ದೊಡ್ಡದಾಗಿರಬೇಕೋ ಎಂಬ ಚರ್ಚೆಯಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿಯವರನ್ನು ಮೊದಲನೆಯ ಪಕ್ಷದ ವಕೀಲರೆಂದು ಎಣಿಸುವುದು ರೂಢಿಯಾಗಿದೆ. 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದವರೂ ‘ಪರ್ಮಿಟ್-ಲೈಸೆನ್ಸ್ ರಾಜ್’ ಎಂಬ ಮಾತನ್ನು ಚಲಾವಣೆಗೆ ತಂದವರೂ ಅವರೇ ಆದುದರಿಂದ ಈ ಎಣಿಕೆ ಸಹಜವೇ. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿ ಅವರು ಆಹಾರಧಾನ್ಯದ ನಿಯಂತ್ರಣವನ್ನು ತೆಗೆದುಹಾಕಿದುದೂ ಇದಕ್ಕೆ ಒಪ್ಪುತ್ತದೆ. ಆದರೆ ಅವರ ಹಿಂದಿನ ಆಡಳಿತವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಚಿತ್ರವು ಅಷ್ಟು ಸರಳವಾಗಿ ತೋರದು.

1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾದ ರಾಜಾಜಿ ಅದೇ ಅಕ್ಟೋಬರಿನಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದರು. ಅಬಕಾರಿಯ ಆದಾಯಕ್ಕೆ ಕುಂದು ಬಂದಿತು. ಅದನ್ನು ತುಂಬಿಕೊಳ್ಳಲು 1939ರಲ್ಲಿ ಸಾರ್ವತ್ರಿಕ ಮಾರಾಟ ತೆರಿಗೆ ಹುಟ್ಟಿತು. ಬೊಕ್ಕಸದ ದೃಷ್ಟಿಯಿಂದ ಪಾನನಿರೋಧವು ಸರ್ಕಾರವನ್ನು ಬಡವಾಗಿಸಿದ ಕಾರ್ಯ. ಆದರೂ ಮರವೇರಿ ಹೆಂಡ ಇಳಿಸುವವನ ಮಡಕೆಯವರೆಗೆ ಪೋಲೀಸರ ಕೈ ಚಾಚಿದುದು ಅದರಿಂದಲೇ. ತೆರಿಗೆಯ ನೆಪದಲ್ಲಿ ಅದೇ ಕೈ ವರ್ತಕನ ಲೆಕ್ಕದ ಪುಸ್ತಕಕ್ಕೂ ಎಟುಕಿತು.

ಇದು ಗಾಂಧೀಯುಗದ ಉತ್ಸಾಹ, ಅನಂತರ ಅವರ ಮತ ಮಾರ್ಪಟ್ಟಿತು ಎಂದು ಅಭಿಮಾನಿಗಳು ಹೇಳಬಹುದು. ನಾವು ಒಪ್ಪಲಾರೆವು. 1971ರಲ್ಲಿ ತಮಿಳುನಾಡು ಸರ್ಕಾರವು ಪಾನನಿರೋಧವನ್ನು ಸಡಿಲಿಸಿದಾಗ, ತೊಂಬತ್ತು ದಾಟಿದ್ದ ರಾಜಾಜಿ ಅದನ್ನು ವಿರೋಧಿಸಿದರು. ಹಾಗೆಂದು ಆಷಾಢಭೂತಿತನದ ಆರೋಪ ಹೊರಿಸುವುದೂ ಅಗ್ಗದ ವಿಮರ್ಶೆಯಾದೀತು. ಅವರ ಪ್ರಶ್ನೆ ಗಾತ್ರದ್ದಾಗಿರಲಿಲ್ಲ. ಸರ್ಕಾರದ ಕೈ ಎಲ್ಲಿಗೆ ಚಾಚಬಹುದು, ಎಲ್ಲಿಗೆ ಚಾಚಬಾರದು ಎಂಬುದಾಗಿತ್ತು. ಗಾತ್ರ ಬೇರೆ, ವ್ಯಾಪ್ತಿ ಬೇರೆ. 1951ರ ಕೈಗಾರಿಕಾ ಕಾಯಿದೆಯನ್ನೇ ನೋಡಬಹುದು: ದೆಹಲಿಯ ಕಚೇರಿಯೊಂದರ ಒಪ್ಪಿಗೆಯಿಲ್ಲದೆ ದೂರದೂರಿನ ಕಾರ್ಖಾನೆ ಗಣನೀಯವಾಗಿ ವಿಸ್ತರಿಸುವಂತಿರಲಿಲ್ಲ. 1991ರಲ್ಲಿ ಬಹುತೇಕ ಉದ್ಯಮಗಳಿಗೆ ಈ ಲೈಸೆನ್ಸು ರದ್ದಾಯಿತು. ಸರ್ಕಾರದ ವೆಚ್ಚವೇನೂ ಆಮೇಲೆ ಇಳಿಯಲಿಲ್ಲ.

ಆಕ್ಷೇಪಣೆಗೆ ಎಡೆಯಿರುವುದು ರಾಜಾಜಿ ಎಳೆದ ಗೆರೆಯಲ್ಲಿ. ಒಬ್ಬನ ಜೀವನೋಪಾಯವು ಅಧಿಕಾರಿಯ ಕೃಪೆಗೆ ಒಳಪಡುವುದು ಕಾರ್ಖಾನೆಯ ಒಡೆಯನ ವಿಷಯದಲ್ಲಿ ಅನ್ಯಾಯವೆನಿಸಿದರೆ, ಹೆಂಡ ಇಳಿಸಿ ಬದುಕುವವನ ಕಸುಬನ್ನೇ ನಿಷೇಧಿಸುವುದು ಹೇಗೆ ನ್ಯಾಯವಾದೀತು? ಕುಡಿತದಿಂದ ಹಾಳಾದ ಸಂಸಾರಗಳನ್ನು ಅವರು ಕಣ್ಣಾರೆ ಕಂಡಿದ್ದರು, ದಿಟ. ಆ ಸಮಾಧಾನವು ಮನೆಯೊಡತಿಗೆ ಸಾಕಾಗಬಹುದು. ಮರದಿಂದಿಳಿದವನಿಗೆ ನಮಗೆ ಕಂಡಮಟ್ಟಿಗೆ ಸಾಲದು.